ಡಬ್ಬಿಯಿಂದ ಹೊರಬಿದ್ದ ಚಾರ್ಜರ್

ದಾವಣಗೆರೆಯ ಅಶೋಕ ರಸ್ತೆಯಲ್ಲಾಗಲಿ ಮಂಡಿಪೇಟೆಯಲ್ಲಾಗಲಿ ಮೊಬೈಲ್ ಚಾರ್ಜರ್ ಕೇಳಿದರೆ ಅಂಗಡಿಯವರು ಈಗ ಹಾಕುವ ಮರುಪ್ರಶ್ನೆ ‘ಎಷ್ಟು ವ್ಯಾಟ್?’ ಎಂಬುದು. ಹದಿನೈದು-ಇಪ್ಪತ್ತು ವರ್ಷಗಳ ಹಿಂದೆ ಅದು ‘ಸಣ್ಣ ಪಿನ್ನೋ, ದಪ್ಪ ಪಿನ್ನೋ?’ ಎಂದಿರುತ್ತಿತ್ತು. ನೋಕಿಯಾದಲ್ಲೇ ಎರಡು ಬಗೆಯ ಪಿನ್‌ಗಳಿದ್ದವು; ಉಳಿದ ಕಂಪನಿಗಳದ್ದು ಒಂದೊಂದು ಥರ. ಅದು ಕಿರಿಕಿರಿಯ ಕಾಲ ಹೌದು, ಆದರೆ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಎಂಬುದನ್ನು ಫೋನ್ ತಯಾರಿಸಿದವರೇ ನಿರ್ಧರಿಸಿ, ಅದಕ್ಕೆ ತಕ್ಕ ಚಾರ್ಜರನ್ನು ಡಬ್ಬಿಯಲ್ಲೇ ಇಟ್ಟುಕೊಡುತ್ತಿದ್ದರು.

ಯುಎಸ್‌ಬಿ ಬಂದ ಮೇಲೂ ಕೆಲಕಾಲ ಲೆಕ್ಕ ಸರಳವಾಗಿಯೇ ಇತ್ತು. ಕಂಪ್ಯೂಟರಿನ ಹಳೆಯ ಯುಎಸ್‌ಬಿ ಪೋರ್ಟ್ ಕೊಡುತ್ತಿದ್ದುದು 5 ವೋಲ್ಟ್, ಅರ್ಧ ಆಂಪಿಯರ್, ಅಂದರೆ ಎರಡನ್ನೂ ಗುಣಿಸಿದರೆ ಎರಡೂವರೆ ವ್ಯಾಟ್. ಚಾರ್ಜಿಂಗ್‌ಗೆಂದೇ ರೂಪಿಸಿದ ನಿಯಮಗಳು ಮುಂದೆ ಅದನ್ನು ಒಂದೂವರೆ ಆಂಪಿಯರ್‌ಗೆ ಏರಿಸಿದವು. 2009ರಲ್ಲಿ ಪ್ರಮುಖ ಕಂಪನಿಗಳು ಯುರೋಪಿನಲ್ಲಿ ಮೈಕ್ರೋ ಯುಎಸ್‌ಬಿಗೆ ಒಪ್ಪಿದಾಗ ಎಲ್ಲೆಡೆ ಇದ್ದುದು 5 ವೋಲ್ಟೇ ಆದ್ದರಿಂದ, ಯಾರ ಚಾರ್ಜರ್ ಯಾರಿಗೆ ಹಾಕಿದರೂ ಸಾಮಾನ್ಯವಾಗಿ ಆಗುತ್ತಿದ್ದ ನಷ್ಟ ತಡವಾಗುವುದಷ್ಟೇ.

ಪರದೆ ದೊಡ್ಡದಾಗಿ ಬ್ಯಾಟರಿ ಹಿಗ್ಗಿದಾಗ ಈ ಸರಳತೆ ಮುರಿಯಿತು. ಮೊಬೈಲ್ ಚಿಪ್ ತಯಾರಿಸುವ ಕ್ವಾಲ್‌ಕಾಮ್ ವೋಲ್ಟೇಜನ್ನು 9, 12ಕ್ಕೆ ಏರಿಸುವ ದಾರಿ ಹಿಡಿದರೆ, ಒಪ್ಪೊ 2014ರಲ್ಲಿ 5 ವೋಲ್ಟ್‌ನಲ್ಲೇ ಹೆಚ್ಚು ಆಂಪಿಯರ್ ಹರಿಸುವ, ತನ್ನದೇ ಚಾರ್ಜರ್ ಮತ್ತು ಕೇಬಲ್ ಬೇಡುವ ವಿಧಾನವನ್ನು ತಂದಿತು. ಅದೇ ವರ್ಷ ಟೈಪ್-ಸಿ ಎಂಬ ಹೊಸ ಯುಎಸ್‌ಬಿ ಪಿನ್ ರೂಪುಗೊಂಡು ಪಿನ್‌ಗಳ ಜಗಳ ಬಹುಮಟ್ಟಿಗೆ ತೀರಿತು, ವ್ಯಾಟ್‌ಗಳ ಜಗಳ ಉಳಿಯಿತು. ಒಂದು ಕಂಪನಿಯ 80 ವ್ಯಾಟ್ ಚಾರ್ಜರ್ ಇನ್ನೊಂದರ ಫೋನಿಗೆ ಹತ್ತಿಪ್ಪತ್ತು ವ್ಯಾಟ್ ಮಾತ್ರ ಕೊಡುವುದು ಈ ಕಾರಣದಿಂದಲೇ. 2020ರ ಅಕ್ಟೋಬರ್‌ನಲ್ಲಿ ಆ್ಯಪಲ್, ಬೆನ್ನಿಗೇ ಸ್ಯಾಮ್‌ಸಂಗ್, ಪರಿಸರದ ಕಾರಣ ಹೇಳಿ ಡಬ್ಬಿಯಿಂದ ಚಾರ್ಜರನ್ನೇ ತೆಗೆದವು. ಕಾರಣ ಸುಳ್ಳಲ್ಲ, ಆದರೆ ತಯಾರಕರ ಹೊಣೆಯೊಂದು ಸದ್ದಿಲ್ಲದೆ ಗ್ರಾಹಕರ ಹೆಗಲಿಗೆ ಬಿತ್ತು, ಲೇಬಲ್ ಓದುವುದನ್ನು ಮಾತ್ರ ಯಾರೂ ಕಲಿಸಲಿಲ್ಲ.

ಚಾರ್ಜರಿನ ಬೆನ್ನ ಮೇಲೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ‘ಔಟ್‌ಪುಟ್ 5 ವೋಲ್ಟ್ 3 ಆಂಪಿಯರ್, 9 ವೋಲ್ಟ್ 2.22 ಆಂಪಿಯರ್’ ಎಂದಿದ್ದರೆ, ಪ್ರತಿ ಜೋಡಿಯ ವೋಲ್ಟನ್ನು ಅದರ ಆಂಪಿಯರ್‌ನಿಂದ ಗುಣಿಸಿ ಅದು ಗರಿಷ್ಠ 20 ವ್ಯಾಟ್ ಕೊಡುತ್ತದೆಂದು ತಿಳಿಯಬೇಕು. ಆಂಪಿಯರ್ ಜಾಸ್ತಿಯಾದರೆ ಫೋನ್ ಸುಡುತ್ತದೆ ಎಂಬ ಮಾತು ನಮ್ಮಲ್ಲಿ ಚಾಲ್ತಿಯಲ್ಲಿದೆಯಾದರೂ ಅದು ಸರಿಯಲ್ಲ. ವೋಲ್ಟೇಜ್ ಚಾರ್ಜರ್ ಕೊಡುವಂಥದ್ದು. ಕರೆಂಟ್ ಉಪಕರಣ ತನಗೆ ಬೇಕಾದಷ್ಟು ಎಳೆದುಕೊಳ್ಳುವಂಥದ್ದು. ಟೈಪ್-ಸಿಯ ಪವರ್ ಡೆಲಿವರಿ ಎಂಬ ಚಾರ್ಜಿಂಗ್ ವಿಧಾನದಲ್ಲಿ ಚಾರ್ಜರೂ ಉಪಕರಣವೂ ಮಾತಾಡಿಕೊಳ್ಳುತ್ತವೆ: ಮೊದಲು ಬರುವುದು 5 ವೋಲ್ಟ್ ಮಾತ್ರ, ಉಪಕರಣ ಕೇಳಿದ ಮೇಲಷ್ಟೇ 9, 15 ಅಥವಾ 20. ಹೀಗಾಗಿ ಲ್ಯಾಪ್‌ಟಾಪಿನ 65 ವ್ಯಾಟ್ ಚಾರ್ಜರಿಗೆ ಸಣ್ಣ ಫೋನ್ ಸಿಕ್ಕಿಸಿದರೂ ಅಪಾಯವಿಲ್ಲ. ದುಂಡು ಪಿನ್ನಿನ ಅಡಾಪ್ಟರ್‌ಗಳಲ್ಲಿ ಈ ಮಾತುಕತೆ ಇರುವುದಿಲ್ಲ. 12 ವೋಲ್ಟ್‌ನ ವೈಫೈ ರೂಟರಿಗೆ ಪಿನ್ ಹೊಂದುತ್ತದೆಂದು 19 ವೋಲ್ಟ್‌ನ ಅಡಾಪ್ಟರ್ ಸಿಕ್ಕಿಸಿದರೆ ರೂಟರ್ ಸುಟ್ಟುಹೋಗಬಹುದು. ಕೇಬಲ್‌ಗೂ ಮಿತಿಯುಂಟು: ಸಾಮಾನ್ಯ ಸಿ-ಟು-ಸಿ ಕೇಬಲ್ 3 ಆಂಪಿಯರ್‌ವರೆಗೆ ಮಾತ್ರ, 5 ಆಂಪಿಯರ್‌ಗೆ ಒಳಗೆ ಗುರುತಿನ ಚಿಪ್ ಇರಲೇಬೇಕು.

ನಿಜವಾದ ಅಪಾಯ ಇರುವುದು ಕಣ್ಣಿಗೆ ಕಾಣದ ಕಡೆ. ಗೋಡೆಯ 230 ವೋಲ್ಟ್ ಚಾರ್ಜರಿನೊಳಗೆ ಡಿ.ಸಿ. (ಒಂದೇ ದಿಕ್ಕಿನ ಕರೆಂಟ್) ಆಗಿ ಸುಮಾರು 325 ವೋಲ್ಟ್ ಮುಟ್ಟುತ್ತದೆ. ಆ ಬದಿಗೂ ನಮ್ಮ ಕೈಯಲ್ಲಿರುವ ಫೋನಿನ ಬದಿಗೂ ನಡುವೆ ಇರುವುದು ಬೆರಳ ತುದಿಯಷ್ಟು ಟ್ರಾನ್ಸ್‌ಫಾರ್ಮರಿನ ಇನ್ಸುಲೇಶನ್, ಸರ್ಕ್ಯೂಟ್ ಬೋರ್ಡಿನ ಮೇಲೆ ಬಿಟ್ಟ ಕೆಲವೇ ಮಿಲಿಮೀಟರ್ ಜಾಗ. ಕಳಪೆ ಚಾರ್ಜರ್ ಅಗ್ಗವಾಗುವುದು ಇಲ್ಲೇ. ಭಾರತದಲ್ಲಿ 2012ರ ಆದೇಶದಿಂದ ಆರಂಭವಾದ ಕಡ್ಡಾಯ ನೋಂದಣಿಯಡಿ ಅಡಾಪ್ಟರ್‌ಗಳ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತಿನೊಂದಿಗೆ ‘ಆರ್’ ಅಕ್ಷರದಿಂದ ಶುರುವಾಗುವ ಎಂಟಂಕಿಯ ಸಂಖ್ಯೆ ಇರಬೇಕು. ಗುರುತನ್ನು ಯಾರು ಬೇಕಾದರೂ ಅಚ್ಚು ಹಾಕಬಹುದಾದ್ದರಿಂದ, ಬಿಐಎಸ್ ಕೇರ್ ಆ್ಯಪ್‌ನಲ್ಲಿ ಸಂಖ್ಯೆ ಹಾಕಿ ಅಲ್ಲಿ ಬರುವ ತಯಾರಕರ ಹೆಸರು ಕೈಯಲ್ಲಿರುವ ಚಾರ್ಜರಿನದ್ದೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳುವುದು ಒಳ್ಳೆಯದು.

ಜಗಳೂರು, ಚಳ್ಳಕೆರೆ ಕಡೆಯ ಹಳ್ಳಿಗಳವರು ‘ಇನ್‌ಪುಟ್’ ಸಾಲನ್ನೂ ಗಮನಿಸಬೇಕು. 100–240 ವೋಲ್ಟ್ ಎಂದಿದ್ದರೆ ರಾತ್ರಿ ಕರೆಂಟ್ ಡಿಮ್ಮಾದರೂ ಚಾರ್ಜರ್ ತಾಳುತ್ತದೆ. ಆದರೆ ಲೈನಿನಲ್ಲಿ ನ್ಯೂಟ್ರಲ್ ತಂತಿ ಕಟ್ಟಾದರೆ ಮನೆಗೆ ಬರುವ ವೋಲ್ಟೇಜ್ 400ರ ಹತ್ತಿರಕ್ಕೂ ಏರಬಹುದು. ಅದನ್ನು ಒಳ್ಳೆಯ ಚಾರ್ಜರೂ ತಡೆಯಲಾರದು. ಫ್ಯಾನ್ ಇದ್ದಕ್ಕಿದ್ದಂತೆ ಜೋರಾಗಿ ತಿರುಗತೊಡಗಿದರೆ ಚಾರ್ಜರಿಗೆ ಕೈಹಾಕುವ ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ಬೆಸ್ಕಾಂನ ಲೈನ್‌ಮನ್‌ಗೆ ತಿಳಿಸಬೇಕು.