ಪಡ್ರೆಯ ಕರುಗಳಿಂದ ಜಿನೀವಾದವರೆಗೆ

ಅಡಿಕೆಗೆ ಬಿಡುವುದೂ ಮದ್ದು, ಜ್ವರಕ್ಕೆ ಕುಡಿಯುವುದೂ ಮದ್ದು. ಕಾಸರಗೋಡಿನ ಗಡಿಗ್ರಾಮಗಳಲ್ಲಿ ಎರಡಕ್ಕೂ ಒಂದೇ ಪದ. ಹಾಗಾಗಿ ಹೆಲಿಕಾಪ್ಟರ್ ಬಂದು ಗೇರುಗುಡ್ಡಕ್ಕೆ ಮದ್ದು ಬಿಡತೊಡಗಿದಾಗ ಯಾರೂ ಹೆದರಲಿಲ್ಲ. ಮಕ್ಕಳು ಅಂಗಳಕ್ಕೆ ಓಡಿ ಬಂದು ತಲೆಯೆತ್ತಿ ನೋಡುತ್ತಿದ್ದರು.

ಕೇರಳ ಸರ್ಕಾರದ ಪ್ಲಾಂಟೇಶನ್ ಕಾರ್ಪೊರೇಷನ್ನಿಗೆ ಇಲ್ಲಿ ಸುಮಾರು 4,600 ಹೆಕ್ಟೇರ್ ಗೇರು ನೆಡುತೋಪು ಇದೆ. ಚಿಗುರಿನ ರಸ ಹೀರುವ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಆಕಾಶದಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯಲಾಯಿತು. ಈ ಊರಿನ ನೆಲದ ರೀತಿ ಬಲ್ಲವರಿಗೆ ಮುಂದಿನದನ್ನು ವಿವರಿಸಬೇಕಾಗಿಲ್ಲ. ತೋಪು ಇರುವುದು ಗುಡ್ಡದ ನೆತ್ತಿಯಲ್ಲಿ, ಮನೆ, ಅಡಿಕೆ ತೋಟ, ತೆರೆದ ಬಾವಿ, ತೋಡು ಎಲ್ಲವೂ ಕಣಿವೆಯಲ್ಲಿ. ಕುಡಿಯುವ ನೀರು ಬರುವ ಸುರಂಗವೂ ಅದೇ ಗುಡ್ಡದ ಹೊಟ್ಟೆಯೊಳಗೆ. ಮರದ ತುದಿಯಿಂದ ಎರಡು ಮೂರು ಮೀಟರ್ ಎತ್ತರದಲ್ಲೇ ಸಿಂಪಡಿಸಬೇಕೆಂಬ ನಿಯಮವನ್ನು ಇಂಥ ಏರುತಗ್ಗಿನಲ್ಲಿ ಯಾವ ಹೆಲಿಕಾಪ್ಟರ್ ಪಾಲಿಸೀತು?

1979ರಲ್ಲಿ ಇಲ್ಲಿನ ಪಡ್ರೆ ಗ್ರಾಮದ ಕೃಷಿಕರೊಬ್ಬರ ಹಟ್ಟಿಯಲ್ಲಿ ಕೈಕಾಲು ಸೊಟ್ಟಗಾದ ಕರುಗಳು ಹುಟ್ಟಿದವು. ಪತ್ರಕರ್ತ ಶ್ರೀಪಡ್ರೆ ಅದನ್ನು ಬರೆದರು. ಮದ್ದಿನ ಮೇಲಿನ ಮೊದಲ ಲಿಖಿತ ಅನುಮಾನ ಅದು. ಎಂಬತ್ತರ ದಶಕದಲ್ಲಿ ಇಲ್ಲಿ ವೈದ್ಯವೃತ್ತಿ ಶುರುಮಾಡಿದ ಡಾ. ವೈ.ಎಸ್. ಮೋಹನ ಕುಮಾರ್ ಒಂದೇ ಊರಿನ ಮನೆಮನೆಗಳಲ್ಲಿ ಅಪಸ್ಮಾರ, ಬುದ್ಧಿಮಾಂದ್ಯ, ಕ್ಯಾನ್ಸರ್ ಕಂಡು ದಿಗಿಲುಗೊಂಡರು; ಸುಮ್ಮನಿರದೆ ದಾಖಲಿಸಿದರು. ಪೆರಿಯದಲ್ಲಿ ಕೃಷಿ ಇಲಾಖೆಯ ಉದ್ಯೋಗಿ ಲೀಲಾಕುಮಾರಿ ಅಮ್ಮ 1998ರಲ್ಲಿ ಕಾಸರಗೋಡು ಜಿಲ್ಲೆಯದೇ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯಕ್ಕೆ ಹೋದರು. ಸರ್ಕಾರಿ ಸಂಬಳದಲ್ಲಿದ್ದುಕೊಂಡು ಸರ್ಕಾರಿ ನಿಗಮದ ಮೇಲೆ ದಾವೆ ಹೂಡುವುದು ಸಣ್ಣ ಧೈರ್ಯವಲ್ಲ. 2000ದ ಅಕ್ಟೋಬರಿನಲ್ಲಿ ಆಕೆಯ ಪರವಾಗಿ ತೀರ್ಪು ಬಂತು, ಹೆಲಿಕಾಪ್ಟರ್ ನಿಂತಿತು.

ಆದರೆ ವಾದ ನಿಲ್ಲಲಿಲ್ಲ. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯ ನೀರಿನಲ್ಲಿ, ಮಣ್ಣಿನಲ್ಲಿ, ಜನರ ರಕ್ತದಲ್ಲಿ, ತಾಯಿಯ ಹಾಲಿನಲ್ಲಿ ಎಂಡೋಸಲ್ಫಾನ್ ಕಂಡಿತು. ನಿಗಮ ಮಾಡಿಸಿದ ಪರೀಕ್ಷೆ ಏನೂ ಇಲ್ಲವೆಂದಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಪಡ್ರೆಯ ವಾಣಿನಗರದ ಶಾಲಾಮಕ್ಕಳನ್ನು ಮದ್ದು ಬಿಡದ ಮೀಂಜದ ಮಕ್ಕಳೊಂದಿಗೆ ಹೋಲಿಸಿ, ಕಲಿಕೆಯ ತೊಂದರೆ, ಹುಟ್ಟುನ್ಯೂನತೆಗಳು ಇಲ್ಲಿ ಹೆಚ್ಚೆಂದು ವರದಿ ಕೊಟ್ಟಿತು. ಕೇಂದ್ರ ಸರ್ಕಾರದ ಸಮಿತಿಗಳು ಅದನ್ನು ಒಪ್ಪಲಿಲ್ಲ. ಮಗು ಕಣ್ಣೆದುರು ನರಳುತ್ತಿರುವಾಗ ಕಾರಣದ ಪುರಾವೆಯನ್ನು ತಾಯಿಯಿಂದಲೇ ಕೇಳುವುದು ನನ್ನ ಮಟ್ಟಿಗೆ ಎರಡನೆಯ ಪೆಟ್ಟು.

ಅಷ್ಟರಲ್ಲಿ ವಿಷಯ ಕಡಲು ದಾಟಿತ್ತು. ಈ ವಿಷ ಗಾಳಿಯಲ್ಲಿ ತೇಲಿ, ಅದನ್ನು ಎಂದೂ ಬಳಸದ ಉತ್ತರ ಧ್ರುವ ಪ್ರದೇಶದವರೆಗೂ ತಲುಪುತ್ತದೆ. ಹಾಗಾಗಿಯೇ ಅದು ಬಹುಕಾಲ ಕರಗದೆ ಉಳಿಯುವ ವಿಷಗಳನ್ನು ತಡೆಯುವ ಜಾಗತಿಕ ಸ್ಟಾಕ್‌ಹೋಮ್ ಒಪ್ಪಂದದ ಚರ್ಚೆಗೆ ಬಂತು. ಅಲ್ಲಿ ನಿಷೇಧಕ್ಕೆ ಬಹುಕಾಲ ಅಡ್ಡನಿಂತದ್ದು ನಮ್ಮದೇ ದೇಶ. ಸರ್ಕಾರಿ ಸ್ವಾಮ್ಯದ ಹಿಂದೂಸ್ತಾನ್ ಇನ್ಸೆಕ್ಟಿಸೈಡ್ಸ್ ಕೂಡ ಎಂಡೋಸಲ್ಫಾನ್ ತಯಾರಿಸುತ್ತಿತ್ತು. 2011ರ ಏಪ್ರಿಲ್ 25ರಂದು ಕೇರಳದ ಮುಖ್ಯಮಂತ್ರಿ ವಿ.ಎಸ್. ಅಚ್ಯುತಾನಂದನ್ ಉಪವಾಸ ಕುಳಿತರು. ನಾಲ್ಕು ದಿನಗಳ ಬಳಿಕ ಜಿನೀವಾದಲ್ಲಿ ಜಾಗತಿಕ ನಿಷೇಧಕ್ಕೆ ಒಪ್ಪಿಗೆಯಾಯಿತು, ಕೆಲವು ಬೆಳೆಗಳಿಗೆ ತಾತ್ಕಾಲಿಕ ವಿನಾಯಿತಿ ಉಳಿಯಿತು. ಮೇ 13ರಂದು ಸುಪ್ರೀಂ ಕೋರ್ಟ್ ದೇಶಾದ್ಯಂತ ತಡೆ ಹಾಕಿತು.

ನಿಷೇಧ ಸಿಕ್ಕಿತು. ನೆರವು? ತೊಂದರೆಯ ತೀವ್ರತೆಗೆ ತಕ್ಕಂತೆ ತಲಾ 5 ಲಕ್ಷ ಅಥವಾ 3 ಲಕ್ಷ ರೂಪಾಯಿ ಕೊಡಿ ಎಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2010ರ ಕೊನೆಯಲ್ಲೇ ಹೇಳಿತ್ತು. 2017ರ ಜನವರಿ 10ರಂದು ಸುಪ್ರೀಂ ಕೋರ್ಟ್ ಮೂರು ತಿಂಗಳೊಳಗೆ ತಲಾ 5 ಲಕ್ಷ ಕೊಡಬೇಕೆಂದೂ ಜೀವನಪೂರ್ತಿ ಚಿಕಿತ್ಸೆಯ ವ್ಯವಸ್ಥೆ ಆಗಬೇಕೆಂದೂ ಆದೇಶಿಸಿತು. ಅದೇ ವರ್ಷದ ವೈದ್ಯಕೀಯ ಶಿಬಿರದಲ್ಲಿ 1,905 ಮಂದಿಯ ಪ್ರಾಥಮಿಕ ಪಟ್ಟಿಯಾಯಿತು. ಅಂತಿಮ ಪಟ್ಟಿಯಲ್ಲಿ ಉಳಿದವರು 287. ಪ್ರತಿಭಟನೆಯ ಮೇಲೆ 76, ಮತ್ತೊಮ್ಮೆ 511 ಹೆಸರು ಸೇರಿದವು. 1,031 ಹೆಸರುಗಳು ಹೊರಗುಳಿದವು. ಅವರಿಗಾಗಿ ತಾಯಂದಿರು 2019ರಲ್ಲಿ ತಿರುವನಂತಪುರದ ಸಚಿವಾಲಯದ ಮುಂದೆ ಕುಳಿತರು, ಸಾಮಾಜಿಕ ಕಾರ್ಯಕರ್ತೆ ದಯಾಬಾಯಿ ಉಪವಾಸ ಮಾಡಿದರು. 2022ರ ಮೇ ತಿಂಗಳಲ್ಲಿ ನ್ಯಾಯಾಲಯ ಲೆಕ್ಕ ಕೇಳಿದಾಗ, 3,704 ಸಂತ್ರಸ್ತರಲ್ಲಿ ಹಣ ಸಂದಾಯವಾಗಿದ್ದದ್ದು ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿದ ಎಂಟು ಮಂದಿಗೆ ಮಾತ್ರ. ನ್ಯಾಯಾಲಯ ಕಟುವಾಗಿ ತರಾಟೆಗೆ ತೆಗೆದುಕೊಂಡ ಮೇಲೆ ಉಳಿದವರ ಪಾಲಿನ ಹಣ ಹೊರಟಿತು.

ಜೀವನಪೂರ್ತಿ ಚಿಕಿತ್ಸೆ ಎಂಬ ಮಾತಿಗೆ ಬರೋಣ. ಇಲ್ಲೇ ಕಾಸರಗೋಡಿನ ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿಗೆ 2013ರಲ್ಲಿ ಶಿಲಾನ್ಯಾಸವಾಯಿತು. 2020ರಲ್ಲಿ ತಲಪಾಡಿ ಗಡಿ ಮುಚ್ಚಿ ಮಂಗಳೂರಿನ ದಾರಿ ಕಡಿದಾಗ, ಅದು ತರಾತುರಿಯಲ್ಲಿ ಕೋವಿಡ್ ಆಸ್ಪತ್ರೆಯಾಗಿ ಬಾಗಿಲು ತೆರೆಯಿತು. ಪಡ್ರೆ ಸೇರಿದ ಎಣ್ಮಕಜೆ ಪಂಚಾಯತಿನವರಿಗೆ ನರರೋಗವೆಂದರೆ ಮೊದಲಿನಿಂದಲೂ ಮಂಗಳೂರೇ ಗತಿ. ಹೆಲಿಕಾಪ್ಟರ್ ಕಾಲದಲ್ಲಿ ಹುಟ್ಟಿದ ಹಲವು ಮಕ್ಕಳಿಗೆ ಈಗ ನಲವತ್ತರ ಹತ್ತಿರ ವಯಸ್ಸು, ಅವರನ್ನು ನೋಡಿಕೊಳ್ಳುವ ಅಮ್ಮಂದಿರಿಗೆ ಅರವತ್ತು ದಾಟಿದೆ. ಚಾಪೆಯ ಮೇಲಿರುವ ಮಗನ ಕಂಕುಳಿಗೆ ಕೈಹಾಕಿ ಬಚ್ಚಲಿಗೆ ಒಯ್ಯುವ ತಾಯಿ ನಡುವೆ ಎರಡು ಸಲ ಕೂರಿಸಿ ಉಸಿರೆಳೆದುಕೊಳ್ಳುತ್ತಾಳೆ. ಮೊದಲು ಒಂದೇ ಉಸಿರಿಗೆ ಒಯ್ಯುತ್ತಿದ್ದಳು.