ಬಾಡಿಗೆ ಉಳಿಸಲು ದೂರ ಹೋದರೆ ಎಷ್ಟು ಉಳಿದೀತು?

ದುಬಾರಿ ನಗರದ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕ ಮೇಲೆ ಲೆಕ್ಕ ಹಾಕಿಸಲು ನನ್ನ ಬಳಿ ಬರುವವರ ಕೈಯಲ್ಲಿ ಸಾಮಾನ್ಯವಾಗಿ ಎರಡೇ ಅಂಕಿ ಇರುತ್ತವೆ. ಕ್ಯಾಂಪಸ್ ಪಕ್ಕದ ಕೋಣೆಯ ಬಾಡಿಗೆ ಒಂದು, ನಗರದಂಚಿನ ಕೋಣೆಯ ಬಾಡಿಗೆ ಇನ್ನೊಂದು. ವ್ಯತ್ಯಾಸದಲ್ಲಿ ಬಸ್ಸಿನದೋ ರೈಲಿನದೋ ಪಾಸ್ ಕಳೆದು, ಮಿಕ್ಕಿದ್ದು ಉಳಿತಾಯ ಎಂದು ಬರೆದುಕೊಂಡು ಬಂದಿರುತ್ತಾರೆ. ಶಿಕ್ಷಣ ಸಾಲ, ವಿದ್ಯಾರ್ಥಿಗಳ ಖರ್ಚುವೆಚ್ಚದ ಬಗ್ಗೆ ಸಲಹೆ ಕೊಡುವುದೇ ನನ್ನ ಕೆಲಸ. ಇಂಥ ಲೆಕ್ಕ ಕಂಡಾಗಲೆಲ್ಲ ನಾನು ಕೇಳುವ ಮೊದಲ ಪ್ರಶ್ನೆ: ವೇಳಾಪಟ್ಟಿ ಎಲ್ಲಿದೆ?

ಬಾಡಿಗೆ ಓಡುವುದು ತಿಂಗಳ ಲೆಕ್ಕದಲ್ಲಿ, ಓಡಾಟ ತರಗತಿಯ ದಿನಗಳ ಲೆಕ್ಕದಲ್ಲಿ. ಎರಡನ್ನೂ ಇಡೀ ವರ್ಷಕ್ಕೆ ತಂದು ನಿಲ್ಲಿಸದೆ ಹೋಲಿಸಿದರೆ ಉತ್ತರ ತಪ್ಪುತ್ತದೆ. ಒಂದು ಉದಾಹರಣೆ ಮಾಡೋಣ. ಹಣಕ್ಕೆ ಯಾವ ದೇಶದ ಹೆಸರೂ ಬೇಡ, ಬರೀ ಅಂಕಿ ಸಾಕು. ಹತ್ತಿರದ ಕೋಣೆಗೆ ತಿಂಗಳಿಗೆ 100, ದೂರದ್ದಕ್ಕೆ 70. ಕರಾರು 12 ತಿಂಗಳದ್ದಾದರೆ ವರ್ಷಕ್ಕೆ 360 ಉಳಿಯಿತು. ಪಾಸಿಗೆ ತಿಂಗಳಿಗೆ 12ರಂತೆ ಹತ್ತು ತಿಂಗಳಿಗೆ 120 ಹೋಯಿತು. ಕೈಯಲ್ಲಿ ನಿಂತದ್ದು 240.

ಇನ್ನು ಸಮಯ. ದೂರದ ಕೋಣೆಯ ಬಾಗಿಲಿನಿಂದ ತರಗತಿಯ ಬಾಗಿಲಿಗೆ 75 ನಿಮಿಷ, ಹತ್ತಿರದ್ದರಿಂದ 15 ನಿಮಿಷ ಎಂದಿಟ್ಟುಕೊಳ್ಳಿ. ವಾರಕ್ಕೆ 4 ದಿನದಂತೆ 30 ವಾರ ಪಾಠವಿದ್ದರೆ 120 ದಿನ. ಹೋಗಿ ಬರುವುದಕ್ಕೆ ದೂರದವರಿಗೆ ವರ್ಷಕ್ಕೆ 300 ಗಂಟೆ ಬೇಕು, ಹತ್ತಿರದವರಿಗೆ 60. ಅಂದರೆ 240 ಗಂಟೆ ಕೊಟ್ಟು 240 ಉಳಿಸಿದ ಹಾಗಾಯಿತು, ಗಂಟೆಗೆ 1. ಅದೇ ನಗರದಲ್ಲಿ ಪಾರ್ಟ್‌ಟೈಮ್ ಕೆಲಸಕ್ಕೆ ಗಂಟೆಗೆ 2 ಸಿಗುವುದಾದರೆ, ದೂರದ ಕೋಣೆ ಎಂಬುದು ಅರ್ಧ ಸಂಬಳದ ನೌಕರಿ. ಅದೂ ರಜೆ ಹಾಕಲಾಗದ ನೌಕರಿ. ಹಾಗೆಂದು ಉಳಿದ ಗಂಟೆಯನ್ನೆಲ್ಲ ದುಡಿಮೆಗೆ ಹಾಕಲು ಆಗುವುದಿಲ್ಲ. ಹಲವು ದೇಶಗಳಲ್ಲಿ ವಿದೇಶಿ ವಿದ್ಯಾರ್ಥಿ ವಾರಕ್ಕೆ ಇಷ್ಟೇ ಗಂಟೆ ಕೆಲಸ ಮಾಡಬಹುದು ಎಂಬ ಮಿತಿ ಇರುತ್ತದೆ. ಆದರೂ ಈ ಭಾಗಾಕಾರ ಮಾಡಿ ನೋಡಲೇಬೇಕು, ಇದಿಲ್ಲದೆ ಉಳಿತಾಯ ಎಂಬ ಪದಕ್ಕೆ ಬೆಲೆ ಇಲ್ಲ.

300 ಗಂಟೆ ಎಂದರೆ ಎಷ್ಟು ಎಂಬುದನ್ನು ಓದಿನ ಅಳತೆಯಲ್ಲೂ ಹೇಳಬಹುದು. ಯುರೋಪಿನ ಕ್ರೆಡಿಟ್ ಪದ್ಧತಿಯಲ್ಲಿ ಒಂದು ಕ್ರೆಡಿಟ್‌ಗೆ 25ರಿಂದ 30 ಗಂಟೆಯ ಓದು, ಪೂರ್ಣಾವಧಿ ವರ್ಷಕ್ಕೆ 60 ಕ್ರೆಡಿಟ್. ಆ ಲೆಕ್ಕದಲ್ಲಿ 300 ಗಂಟೆ ಎಂದರೆ ಕನಿಷ್ಠ 10 ಕ್ರೆಡಿಟ್, ವರ್ಷದ ಓದಿನ ಆರನೇ ಒಂದು ಪಾಲು. ರೈಲಿನಲ್ಲಿ ಕುಳಿತು ಓದುತ್ತೇನೆ ಅನ್ನುವವರಿದ್ದಾರೆ. ಒಂದೇ ರೈಲು, ಹತ್ತಿದಲ್ಲೇ ಸೀಟು, ಮುಕ್ಕಾಲು ಗಂಟೆ ಅಲುಗಾಡದೆ ಕೂರುವ ಅವಕಾಶ ಇದ್ದರೆ ನಾನೂ ಒಪ್ಪುತ್ತೇನೆ. ಎರಡು ಬಸ್ ಬದಲಿಸಿ ನಿಂತೇ ಹೋಗುವವರು ಈ ಮಾತು ಹೇಳಿದರೆ ನಂಬುವುದಿಲ್ಲ. ಸಾರಿಗೆ ಯೋಜನೆ ಮಾಡುವವರು ಸ್ಟಾಪಿನಲ್ಲಿ ಕಾಯುವ ನಿಮಿಷವನ್ನು ವಾಹನದೊಳಗೆ ಕೂತ ನಿಮಿಷದ ಸುಮಾರು ಎರಡರಷ್ಟು ಎಂದು ಎಣಿಸುವ ರೂಢಿ ಇದೆ. ನಕ್ಷೆಯಲ್ಲಿ 60 ನಿಮಿಷ ಎಂದು ತೋರಿಸುವ ಎರಡು ದಾರಿಗಳು ಒಂದೇ ಅಲ್ಲ.

ಹಾಗಾದರೆ ಎಷ್ಟು ದೂರ ಹೋಗಬಹುದು? ವಿಲಿಯಂ ಅಲಾನ್ಸೊ, ರಿಚರ್ಡ್ ಮೂತ್ ಮೊದಲಾದ ಅರ್ಥಶಾಸ್ತ್ರಜ್ಞರು 1960ರ ದಶಕದಲ್ಲಿ ಕಟ್ಟಿದ ಮಾದರಿಗಳು ಇಲ್ಲಿ ಕೆಲಸಕ್ಕೆ ಬರುತ್ತವೆ. ನಗರದ ನಡುವಿನಿಂದ ಹೊರಗೆ ಸಾಗಿದಂತೆ ಬಾಡಿಗೆ ಇಳಿಯುತ್ತದೆ, ಆದರೆ ಒಂದೇ ಸಮನೆ ಅಲ್ಲ. ಮೊದಲು ಧಡಾರನೆ ಇಳಿದು ಆಮೇಲೆ ಹೆಚ್ಚುಕಡಿಮೆ ಮಟ್ಟಸವಾಗುತ್ತದೆ. ಪ್ರಯಾಣದ ಸಮಯವೋ, ದೂರದ ಜೊತೆಗೇ ಏರುತ್ತ ಹೋಗುತ್ತದೆ. ಹಾಗಾಗಿ ಕ್ಯಾಂಪಸ್‌ಗೆ ಅಂಟಿದ ಬೀದಿ ಬಿಟ್ಟು ನೇರ ಬಸ್ಸಿನ 20 ನಿಮಿಷದ ದಾರಿಗೆ ಸರಿದರೆ ಉಳಿತಾಯದ ದೊಡ್ಡ ಪಾಲು ಅಲ್ಲೇ ಸಿಕ್ಕಿಬಿಡುತ್ತದೆ. ಅಲ್ಲಿಂದ ಮುಂದಿನ ಒಂದೊಂದು ಸ್ಟಾಪಿಗೂ ಉಳಿಯುವುದು ಚಿಲ್ಲರೆ. ಎಲ್ಲ ನಗರವೂ ಈ ಮಾದರಿಯಂತೆ ಬೆಳೆದಿಲ್ಲ, ರೈಲು ನಿಲ್ದಾಣ ಬಂದ ಕಡೆ ಬಾಡಿಗೆ ಮತ್ತೆ ಮೇಲೇಳುತ್ತದೆ. ಆದರೂ ನನ್ನ ಅನುಭವದಲ್ಲಿ ತೀರಾ ಕೆಟ್ಟ ಆಯ್ಕೆ ಒಂದೇ: ಬಾಡಿಗೆಯನ್ನೂ ಕೊಟ್ಟು ದೂರವೂ ಇರುವುದು.

ಮನೆಯಿಂದಲೇ ಓಡಾಡುವುದು ಬೇರೆ ವಿಷಯ. ಅಲ್ಲಿ ಬಾಡಿಗೆ ಇಳಿಯುವುದಲ್ಲ, ಇಲ್ಲವೇ ಇಲ್ಲ. ಊಟ, ಬಟ್ಟೆ ಒಗೆಯುವುದು, ಕರೆಂಟು ಎಲ್ಲ ಹಂಚಿಹೋಗುತ್ತದೆ. ಇಂಗ್ಲೆಂಡಿನಲ್ಲಿ ವಿದ್ಯಾರ್ಥಿಗಳಿಗೆ ಸಿಗುವ ಜೀವನವೆಚ್ಚ ಸಾಲದಲ್ಲೂ ಪೋಷಕರ ಮನೆಯಲ್ಲಿರುವವರಿಗೆ, ಲಂಡನ್ ಹೊರಗೆ ಇರುವವರಿಗೆ, ಲಂಡನ್ನಿನಲ್ಲಿ ಇರುವವರಿಗೆ ಬೇರೆ ಬೇರೆ ಮಿತಿಗಳಿವೆ. ಮನೆಯಲ್ಲಿದ್ದರೆ ಸಾಲ ಕಡಿಮೆ ಸಿಗುತ್ತದೆ, ಹೆಗಲ ಮೇಲಿನ ಸಾಲದ ಹೊರೆಯೂ ಅಷ್ಟೇ ಕಡಿಮೆ. ಸಾಲ ಮಾಡಿ ಕೊಟ್ಟ ಬಾಡಿಗೆಗೆ ಬಡ್ಡಿ ಬೀಳುತ್ತದೆ ಎಂಬುದನ್ನು ಮರೆತು ಕ್ಯಾಂಪಸ್ ಜೀವನದ ಸೊಬಗು ಹೇಳುವವರ ಮಾತಿಗೆ ನಾನು ಸೊಪ್ಪು ಹಾಕುವುದಿಲ್ಲ.

ಮನೆಯಿಂದ ಓಡಾಡುವುದು ಆದೀತೋ ಇಲ್ಲವೋ ಎಂಬುದನ್ನು ಹೇಳುವುದು ವೇಳಾಪಟ್ಟಿಯೇ. ಇತ್ತೀಚೆಗೆ ಒಬ್ಬ ವಿದ್ಯಾರ್ಥಿನಿಯ ತಂದೆ ಹನ್ನೆರಡು ಕಾಲಂಗಳ ಎಕ್ಸೆಲ್ ಹಾಳೆ ತಂದಿದ್ದರು. ಪಾಸ್, ಊಟ, ಇಂಟರ್ನೆಟ್, ಎಲ್ಲವೂ ಇತ್ತು. ಮಗಳ ವೇಳಾಪಟ್ಟಿ ಬಿಡಿಸಿ ನೋಡಿದರೆ ಮಂಗಳವಾರ ಬೆಳಗ್ಗೆ 9ಕ್ಕೆ ಒಂದು ಗಂಟೆಯ ಪಾಠ, ಆಮೇಲೆ ಸಂಜೆ 4ಕ್ಕೆ ಲ್ಯಾಬ್. ನಡುವೆ ಆರು ಗಂಟೆ ಖಾಲಿ. ಹತ್ತಿರವಿದ್ದವರು ಕೋಣೆಗೆ ಹೋಗಿ ಉಂಡು, ಮಲಗಿ, ಓದಿ ಬರುತ್ತಾರೆ. ದೂರದವರು ಕ್ಯಾಂಟೀನಿನಲ್ಲಿ ದುಡ್ಡು ಕೊಟ್ಟು ಕೂರುತ್ತಾರೆ. ಶುಕ್ರವಾರ ಒಂದೇ ಒಂದು ಟ್ಯುಟೋರಿಯಲ್ ಇತ್ತು, 50 ನಿಮಿಷದ್ದು. ಅದಕ್ಕಾಗಿ ಎರಡೂವರೆ ಗಂಟೆ ಪ್ರಯಾಣ. ಮೂರನೇ ವಾರದಿಂದ ಆ ಟ್ಯುಟೋರಿಯಲ್ ತಪ್ಪಲು ಶುರುವಾಗುತ್ತದೆ ಎಂದೆ. ಹುಡುಗಿ ನಕ್ಕಳು, ತಂದೆ ನಗಲಿಲ್ಲ. ಮೂರು ದಿನಕ್ಕೆ ಒತ್ತಿಕೊಂಡ ವೇಳಾಪಟ್ಟಿಯಾಗಿದ್ದರೆ ಅವರಿಗೆ ನಾನೇ ಮನೆಯಿಂದ ಓಡಾಡಿ ಎನ್ನುತ್ತಿದ್ದೆ.

ಜನ ಪ್ರಯಾಣದ ದಣಿವನ್ನು ಮುಂಚಿತವಾಗಿ ಸರಿಯಾಗಿ ಅಂದಾಜು ಮಾಡುತ್ತಾರೆಯೇ ಎಂಬುದೂ ಅನುಮಾನವೇ. ಜರ್ಮನಿಯ ಕುಟುಂಬಗಳ ಮಾಹಿತಿ ಇಟ್ಟುಕೊಂಡು ಅರ್ಥಶಾಸ್ತ್ರಜ್ಞರಾದ ಅಲೋಯಿಸ್ ಸ್ಟಟ್ಸರ್ ಮತ್ತು ಬ್ರೂನೊ ಫ್ರೈ 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ದೂರದಿಂದ ಕೆಲಸಕ್ಕೆ ಓಡಾಡುವವರ ಬದುಕಿನ ತೃಪ್ತಿ ಕಡಿಮೆ ಇತ್ತು. ಅಗ್ಗದ ಮನೆಯೋ ಹೆಚ್ಚು ಸಂಬಳವೋ ಆ ಕೊರತೆಯನ್ನು ತುಂಬಬೇಕಿತ್ತು, ತುಂಬಿರಲಿಲ್ಲ. ಅವರು ನೋಡಿದ್ದು ನೌಕರರನ್ನು, ವಿದ್ಯಾರ್ಥಿಗಳನ್ನಲ್ಲ. ಆದರೆ ಸಂಜೆಯ ಗುಂಪು ಚರ್ಚೆಯನ್ನು ಅರ್ಧಕ್ಕೆ ಬಿಟ್ಟು ಕೊನೆಯ ಬಸ್ಸಿಗೆ ಓಡುವ ವಿದ್ಯಾರ್ಥಿಯ ಪಾಡು ಅದಕ್ಕಿಂತ ಹಗುರವಾಗಿರುತ್ತದೆ ಎಂದು ನನಗನ್ನಿಸುವುದಿಲ್ಲ.

ಬಾಡಿಗೆ ಆದಾಯದ ಶೇ 30 ಮೀರಬಾರದು ಎಂಬ ಹಳೆಯ ಸೂತ್ರವನ್ನು ಬದಿಗಿಡಿ, ಹೆಚ್ಚಿನ ವಿದ್ಯಾರ್ಥಿಗಳಿಗೆ ಸ್ಥಿರ ಆದಾಯವೇ ಇಲ್ಲ. ಶಿಕಾಗೊದ ಸೆಂಟರ್ ಫಾರ್ ನೇಬರ್‌ಹುಡ್ ಟೆಕ್ನಾಲಜಿ ಸಂಸ್ಥೆ ಮನೆ ಮತ್ತು ಓಡಾಟ ಎರಡೂ ಸೇರಿ ಶೇ 45ರೊಳಗೆ ಇರಬೇಕು ಎಂಬ ಅಳತೆ ಬಳಸುತ್ತದೆ. ಅದರ ಶೇಕಡಾವಾರು ನಮಗೆ ಬೇಕಿಲ್ಲ, ಎರಡನ್ನೂ ಒಟ್ಟಿಗೆ ಕೂಡಿಸುವ ಕ್ರಮ ಬೇಕು.

ಕೋಣೆ ಗೊತ್ತುಮಾಡುವ ಮುಂಚೆ ವಾರದ ದಿನವೇ, ಬೆಳಗಿನ ಗಿಜಿಗುಡುವ ಹೊತ್ತಿನಲ್ಲೇ ಆ ದಾರಿಯಲ್ಲಿ ಒಮ್ಮೆ ಹೋಗಿ ನೋಡಿ. ರಾತ್ರಿಯ ಕೊನೆಯ ಗಾಡಿ ಎಷ್ಟಕ್ಕೆ ಎಂದು ಕೇಳಿಕೊಳ್ಳಿ. ಹಾಸ್ಟೆಲ್ ಬಾಡಿಗೆ ದುಬಾರಿ ಎಂದು ತಳ್ಳಿಹಾಕುವ ಮೊದಲು ಅದರಲ್ಲಿ ನೀರು, ಕರೆಂಟು ಸೇರಿದೆಯೇ, ಕರಾರು ಪಾಠದ ತಿಂಗಳಿಗಷ್ಟೇ ಇದೆಯೇ ನೋಡಿ. ಎಷ್ಟೋ ಸಲ ವರ್ಷದ ಮೊತ್ತದಲ್ಲಿ ಅದೇ ಕಡಿಮೆ ಬೀಳುತ್ತದೆ. ಗೆಳೆಯರು ಸೇರಿ ಮನೆ ಹಿಡಿಯುವುದಾದರೆ, ಒಬ್ಬರು ನಡುವೆ ಬಿಟ್ಟುಹೋದರೆ ಅವರ ಪಾಲು ಯಾರ ತಲೆಗೆ ಎಂಬುದು ಕರಾರಿನಲ್ಲಿ ಇರುತ್ತದೆ, ಓದಿಯೇ ಸಹಿ ಹಾಕಿ. ಮೊದಲ ವರ್ಷಕ್ಕೆ ಆದಷ್ಟು ಹತ್ತಿರ, ಆದಷ್ಟು ಚಿಕ್ಕ ಅವಧಿಯ ಕರಾರು ಎಂಬುದು ನನ್ನ ಸಲಹೆ. ಎರಡನೇ ವರ್ಷದ ವೇಳಾಪಟ್ಟಿ ಕೈಗೆ ಬಂದ ಮೇಲೆ ಇದೇ ಲೆಕ್ಕವನ್ನು ಹೊಸದಾಗಿ ಹಾಕಬಹುದು.