ಡಿಗ್ರಿ ಮುಗಿಯಿತು, ಮುಂದಿನ ದಾರಿ ಯಾರನ್ನು ಕೇಳಲಿ?

ಪ್ರಶ್ನೆ: ಬಿ.ಕಾಂ ಮುಗಿಸಿದ್ದೇನೆ, ವಯಸ್ಸು 22. ಮನೆಯಲ್ಲಿ ಬ್ಯಾಂಕ್ ಪರೀಕ್ಷೆ ಬರಿ ಅಂತಾರೆ, ಗೆಳೆಯರು ಬೆಂಗಳೂರಿಗೆ ಬಾ ಅಂತಾರೆ. ನನಗೇನು ಬೇಕು ಅಂತ ನನಗೇ ಗೊತ್ತಿಲ್ಲ. ದಾರಿ ತೋರಿಸೋ ಒಬ್ಬ ಗುರು ಸಿಕ್ಕರೆ ಸಾಕು ಅನಿಸುತ್ತೆ. ಎಲ್ಲಿ ಹುಡುಕಲಿ?

ಉತ್ತರ: ಗುರುವನ್ನು ಆಮೇಲೆ ಹುಡುಕೋಣ. ಅವರ ಮುಂದೆ ಏನಿಟ್ಟು ಕೇಳುತ್ತೀರಿ? "ನಾನೇನು ಮಾಡಲಿ" ಅಂತ ಸುಮ್ನೆ ಕೇಳಿದರೆ ಜನ ತಮ್ಮ ಬದುಕನ್ನೇ ಸಲಹೆ ಮಾಡಿ ಕೊಡುತ್ತಾರೆ. ಬ್ಯಾಂಕಿನಲ್ಲಿದ್ದವರು ಬ್ಯಾಂಕ್ ಅಂತಾರೆ, ದುಬೈಗೆ ಹೋದವರು ದುಬೈ ಅಂತಾರೆ. ಅವರದು ತಪ್ಪಲ್ಲ, ನಿಮ್ಮ ಬಗ್ಗೆ ಅವರಿಗೆ ಗೊತ್ತಿರುವುದೇ ಅಷ್ಟು.

ಮುಂದೆ ದೊಡ್ಡ ಹಿಂದೂಸ್ತಾನಿ ಗಾಯಕರಾದ ಗದಗದ ಹುಡುಗ ಭೀಮಸೇನ ಜೋಶಿ 1933ರಲ್ಲಿ ಮನೆ ಬಿಟ್ಟು ಓಡಿದಾಗ ವಯಸ್ಸು 11. ಆಗಿನ ಹೆಸರಾಂತ ಗಾಯಕ ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆ ಕೇಳಿ ಹಾಡಿನ ಹುಚ್ಚು ಹತ್ತಿತ್ತು. ಕಲಿಸುವವರು ಯಾರು ಅನ್ನುವುದು ಮಾತ್ರ ಗೊತ್ತಿರಲಿಲ್ಲ. ಗ್ವಾಲಿಯರ್‌ಗೆ ಹೋದರು, ಎಲ್ಲೆಲ್ಲೋ ಅಲೆದರು, ಜಲಂಧರ್ ತಲುಪಿದರು. ಅಲ್ಲಿ ಅವರ ಹಾಡು ಕೇಳಿದ ಗಾಯಕ ವಿನಾಯಕರಾವ್ ಪಟವರ್ಧನರು, ಊರಿಗೆ ಹೋಗು, ಸವಾಯಿ ಗಂಧರ್ವರ ಹತ್ತಿರ ಕಲಿ ಎಂದರು. ಸವಾಯಿ ಗಂಧರ್ವರು ಇದ್ದದ್ದು ಹುಬ್ಬಳ್ಳಿ ಪಕ್ಕದ ಕುಂದಗೋಳದಲ್ಲಿ! ಅವರು ಅದೇ ಅಬ್ದುಲ್ ಕರೀಂ ಖಾನರ ಶಿಷ್ಯರು ಬೇರೆ. 1936ರಲ್ಲಿ ಹುಡುಗನನ್ನು ಸೇರಿಸಿಕೊಂಡರು. ಪಾಠಕ್ಕಿಂತ ಮೊದಲು ನೀರು ಹೊರುವುದು, ಮನೆಗೆಲಸ ಎಲ್ಲ ಇತ್ತು.

ಮನೆ ಬಿಟ್ಟು ಓಡಿ ಅಂತ ನಾನು ಹೇಳುತ್ತಿಲ್ಲ ಮಾರಾಯ್ರೆ. ಆದರೆ ಪಟವರ್ಧನರು ಮಾಡಿದ್ದನ್ನು ನೋಡಿ. ಅವರು ಕೊಟ್ಟಿದ್ದು ಒಂದು ಹೆಸರು, ಅಷ್ಟೇ. ಅದು ಸರಿಯಾದ ಹೆಸರಾಗಿದ್ದು ಹುಡುಗ ಅವರೆದುರು ಹಾಡಿದ್ದರಿಂದ. ಕುವೆಂಪು ವಿಷಯವೂ ಹೀಗೆಯೇ. ಮೈಸೂರಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಇಂಗ್ಲಿಷಿನಲ್ಲಿ ಬರೆದ ಕವಿತೆಗಳನ್ನು ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ತೋರಿಸಿದರು. ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದರು ಕಸಿನ್ಸ್. ಕವಿತೆಯೇ ಇಲ್ಲದೆ ಹೋಗಿದ್ದರೆ ಈ ಮಾತು ಹುಟ್ಟುತ್ತಲೇ ಇರಲಿಲ್ಲ.

"ನನಗೆ ಹಾಡೂ ಬರಲ್ಲ, ಕವಿತೆಯೂ ಬರಲ್ಲ" ಅಂತೀರಿ, ಅಲ್ವಾ? ಬಿ.ಕಾಂ ಇದೆಯಲ್ಲ. ನಿಮ್ಮ ಊರಲ್ಲೇ ತೆರಿಗೆ ಲೆಕ್ಕ ನೋಡುವವರ ಆಫೀಸ್ ಇರುತ್ತದೆ. ತಿಂಗಳ 20ನೇ ತಾರೀಖು ಹತ್ತಿರ ಬಂದರೆ ಜಿಎಸ್‌ಟಿ ರಿಟರ್ನ್ ಗಡಿಬಿಡಿ, ಜುಲೈ ಬಂದರೆ ಆದಾಯ ತೆರಿಗೆ ಗಡಿಬಿಡಿ. ಸಹಾಯಕ್ಕೆ ಬರ್ತೀನಿ ಅಂದರೆ ಬೇಡ ಅನ್ನುವವರು ಕಡಿಮೆ. ಸಂಬಂಧಿಕರ ಅಂಗಡಿ ಲೆಕ್ಕವಾದರೂ ಸರಿ. ಎರಡು ಮೂರು ತಿಂಗಳು ಮಾಡಿ ನೋಡಿ. ಬೇಸರ ಬಂದರೆ ಅದೂ ಉಪಯೋಗಕ್ಕೆ ಬರುವ ಸುದ್ದಿಯೇ.

ಆಮೇಲೆ ಅದೇ ದಾರಿಯಲ್ಲಿ ನಿಮಗಿಂತ ಸ್ವಲ್ಪ ಮುಂದೆ ಇರುವವರನ್ನು ಕೇಳಿ. ದೊಡ್ಡ ಹೆಸರಿನವರಿಗಿಂತ ಇವರೇ ಜಾಸ್ತಿ ಪ್ರಯೋಜನ, ಯಾಕೆಂದರೆ ಎಲ್ಲಿ ಎಡವಿದ್ದರು ಅನ್ನುವುದು ಅವರಿಗಿನ್ನೂ ನೆನಪಿರುತ್ತದೆ. ನೀವು ಮಾಡಿದ ಕೆಲಸ ತೋರಿಸಿ, ಎಲ್ಲಿ ತಪ್ಪುತ್ತಿದ್ದೇನೆ, ಇದನ್ನು ಚೆನ್ನಾಗಿ ಬಲ್ಲವರು ಯಾರು ಅಂತ ಕೇಳಿ. ಸಲಹೆ ಕೊಟ್ಟ ಬೆನ್ನಲ್ಲೇ ಕೋರ್ಸ್ ಮಾರುವವರ ಮಾತನ್ನು ಅರ್ಧಕ್ಕರ್ಧ ಕಳೆದು ಲೆಕ್ಕ ಹಾಕಿ. ಕೆಲಸ ಹುಡುಕುವವರಿಗೆ ಅಂತಲೇ ಇರುವ ಕೇಂದ್ರ ಸರ್ಕಾರದ ನ್ಯಾಷನಲ್ ಕೆರಿಯರ್ ಸರ್ವಿಸ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಲು ದುಡ್ಡು ಕೊಡಬೇಕಿಲ್ಲ.

ಮನೆಯವರ ಜೊತೆ ಜಗಳವೂ ಬೇಡ. ಸರ್ಕಾರಿ ಬ್ಯಾಂಕ್‌ಗಳ ನೇಮಕಕ್ಕೆ ಐಬಿಪಿಎಸ್ ಸಂಸ್ಥೆ ನಡೆಸುವ ಕ್ಲರ್ಕ್ ಪರೀಕ್ಷೆಗೆ ಸಾಮಾನ್ಯ ವರ್ಗದವರಿಗೆ ವಯಸ್ಸಿನ ಮಿತಿ 28, ಪಿಒ (ಪ್ರೊಬೇಷನರಿ ಆಫೀಸರ್) ಪರೀಕ್ಷೆಗೆ 30. ಮೀಸಲಾತಿ ಇದ್ದರೆ ಇನ್ನೂ ಸಡಿಲ. ಒಂದು ವರ್ಷ ಬೇರೆ ಕೆಲಸ ಮಾಡಿ ನೋಡಿದರೂ ಆ ಬಾಗಿಲು ಮುಚ್ಚುವುದಿಲ್ಲ. ಇದನ್ನು ಅಪ್ಪನಿಗೆ ಅಂಕಿ ಸಮೇತ ಹೇಳಿ.

ಇನ್ನೊಂದು ಮಾತು. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಅನ್ನುವ ಹಾಗಿದ್ದರೆ ಅದು ಕೆಲಸದ ಗೊಂದಲ ಮಾತ್ರ ಅಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್, 14416ಕ್ಕೆ ಕರೆ ಮಾಡಿ. ಉಚಿತ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.